ಬೆಟ್ಟದ ತೋಟಗಳ ರೆಡ್ ವೈನ್ ಬ್ಲೆಂಡ್: ಲೇಬಲ್ ಓದುವುದರಿಂದ ಕೊನೆಯ ಗ್ಲಾಸಿನವರೆಗೆ

ಬೆಟ್ಟದ ದ್ರಾಕ್ಷಿಯ ರೆಡ್ ಬ್ಲೆಂಡ್, ಅಂದರೆ ಹಲವು ತಳಿಯ ದ್ರಾಕ್ಷಿ ಬೆರೆಸಿದ ಕೆಂಪು ವೈನ್, ಬಾಟಲಿ ತೆರೆದು ನೇರವಾಗಿ ಗ್ಲಾಸಿಗೆ ಸುರಿದುಕೊಂಡರೆ ಬಹುಮಟ್ಟಿಗೆ ನಿರಾಸೆಯೇ. ಮೊದಲ ಗುಟುಕಿಗೇ ಬಾಯೆಲ್ಲ ಒಗರು. ವಸಡು ಒಣಗುತ್ತದೆ, ಹಣ್ಣಿನ ರುಚಿ ಎಲ್ಲೋ ಹಿಂದೆ ಅಡಗಿರುತ್ತದೆ. ಇಷ್ಟು ದುಡ್ಡು ಕೊಟ್ಟಿದ್ದು ಇದಕ್ಕಾ ಅನ್ನಿಸುತ್ತದೆ. ಅದೇ ಬಾಟಲಿಯನ್ನು ಸ್ವಲ್ಪ ತಂಪು ಮಾಡಿ, ಎರಡು ಗಂಟೆ ಗಾಳಿಗೆ ಬಿಟ್ಟು, ಪಕ್ಕದಲ್ಲಿ ತಕ್ಕ ಊಟ ಇಟ್ಟುಕೊಂಡು ಕುಡಿದು ನೋಡಿ. ಬೇರೆ ಬಾಟಲಿಯೇನೋ ಅನ್ನುವಷ್ಟು ವ್ಯತ್ಯಾಸ ಇರುತ್ತದೆ. ಈ ಜಾತಿಯ ವೈನ್ ಕೇಳುವುದು ಸಮಯವನ್ನು. ಮಿಕ್ಕಿದ್ದೆಲ್ಲ ಆ ಸಮಯವನ್ನು ಹೇಗೆ ಕೊಡಬೇಕು ಅನ್ನುವುದರ ವಿವರ, ಅಷ್ಟೇ.

ಹೆಜ್ಜೆ 1: ಬೆಟ್ಟ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂದಿನ ಎಲ್ಲ ಹೆಜ್ಜೆಗೂ ಕಾರಣ ಇಲ್ಲಿದೆ.

ಎತ್ತರಕ್ಕೆ ಹೋದಂತೆ ಗಾಳಿ ತಂಪಾಗುತ್ತದೆ, ಪ್ರತಿ 100 ಮೀಟರಿಗೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಲೆಕ್ಕ. ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಬಿಸಿಲಿಗೆ ಮಾತ್ರ ಏನೂ ಕೊರತೆ ಇರುವುದಿಲ್ಲ. ಮೇಲೆ ಗಾಳಿ ತೆಳುವಾದ್ದರಿಂದ ಅತಿನೇರಳೆ ಕಿರಣ ಇನ್ನೂ ಜಾಸ್ತಿಯೇ ಬೀಳುತ್ತದೆ, ಅದನ್ನು ತಾಳಿಕೊಳ್ಳಲು ಹಣ್ಣು ತನ್ನ ಸಿಪ್ಪೆಯಲ್ಲಿ ಬಣ್ಣವನ್ನೂ ಒಗರು ಕೊಡುವ ಟ್ಯಾನಿನ್ನನ್ನೂ ಕೂಡಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮಣ್ಣಿನ ಪದರ ತೆಳು, ಮಳೆ ನೀರು ನಿಲ್ಲದೆ ಹರಿದುಹೋಗುತ್ತದೆ. ಬಳ್ಳಿ ಸೊಂಪಾಗಿ ಹಬ್ಬುವುದಿಲ್ಲ, ಕಾಯಿ ಚಿಕ್ಕದಾಗುತ್ತದೆ. ಕಾಯಿ ಚಿಕ್ಕದಾದಷ್ಟೂ ರಸ ಕಡಿಮೆ, ಸಿಪ್ಪೆ ಜಾಸ್ತಿ. ಕೆಂಪು ವೈನಿನ ಬಣ್ಣ ಪೂರ್ತಿ, ಒಗರಿನ ಬಹುಪಾಲು ಬರುವುದು ಸಿಪ್ಪೆಯಿಂದಲೇ. ಹಾಗಾಗಿ ಬೆಟ್ಟದ ವೈನ್ ಗಾಢ ಬಣ್ಣದ್ದು, ಬಿಗಿಯಾದದ್ದು, ಒಗರಿನ ಜೊತೆ ಹುಳಿಯೂ ಇರುವಂಥದ್ದು.

ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಇದರ ಜೊತೆ ಮಂಜಿನ ಆಟವೂ ಸೇರುತ್ತದೆ. ಬೇಸಿಗೆಯ ರಾತ್ರಿ ಕಡಲ ಕಡೆಯಿಂದ ಬಂದ ಮಂಜು ಕಣಿವೆಯ ತಳದಲ್ಲಿ ತುಂಬಿಕೊಂಡು, ಬೆಳಗ್ಗೆ ತಡವಾಗಿ ಕರಗುತ್ತದೆ. ಬೆಟ್ಟದ ತೋಟಗಳು ಆ ಮಂಜಿಗಿಂತ ಮೇಲೆ. ಅಲ್ಲಿ ರಾತ್ರಿ ಕಣಿವೆಗಿಂತ ಬೆಚ್ಚಗೆ, ಮಧ್ಯಾಹ್ನ ಕಣಿವೆಗಿಂತ ತಂಪು, ಬಿಸಿಲು ಬೆಳಗಿನಿಂದಲೇ. ಹಾವೆಲ್ ಮೌಂಟನ್ ಅನ್ನುವ ಪ್ರದೇಶಕ್ಕೆ 1983ರಲ್ಲಿ ಅಧಿಕೃತ ಗಡಿ ಹಾಕಿದಾಗ 1,400 ಅಡಿ ಎತ್ತರವನ್ನು ಕೆಳಗಿನ ಮಿತಿಯಾಗಿ ಇಟ್ಟುಕೊಂಡಿದ್ದು ಈ ಮಂಜಿನ ಗೆರೆಯನ್ನು ನೋಡಿಯೇ.

ಹೆಜ್ಜೆ 2: ಬ್ಲೆಂಡ್‌ನಲ್ಲಿ ಯಾರ ಕೆಲಸ ಏನು ಅಂತ ನೋಡಿ

ಒಂದೇ ದ್ರಾಕ್ಷಿಯ ವೈನೇ ಶ್ರೇಷ್ಠ, ಬ್ಲೆಂಡ್ ಅಂದರೆ ಉಳಿದಿದ್ದನ್ನೆಲ್ಲ ಕಲಸಿದ್ದು ಅನ್ನುವ ನಂಬಿಕೆ ಇನ್ನೂ ಇದೆ. ಇದನ್ನು ನಾನು ಒಪ್ಪುವುದೇ ಇಲ್ಲ. ಬೆಟ್ಟದಲ್ಲಿ ಬ್ಲೆಂಡ್ ಮಾಡುವುದಕ್ಕೆ ಗಟ್ಟಿ ಕಾರಣ ಇದೆ. ಒಂದೇ ತೋಟದಲ್ಲಿ ಒಂದು ಇಳಿಜಾರು ಬೆಳಗಿನ ಬಿಸಿಲಿಗೆ, ಇನ್ನೊಂದು ಸಂಜೆಯ ಬಿಸಿಲಿಗೆ. ಮೇಲಿನ ತುದಿಗೂ ಕೆಳಗಿನ ಅಂಚಿಗೂ ಕೊಯ್ಲಿನಲ್ಲಿ ವಾರಗಳ ಅಂತರ ಬೀಳಬಹುದು. ಎಲ್ಲ ಕಡೆ ಒಂದೇ ತಳಿ ಹಾಕಿದರೆ ಕೆಲವೆಡೆ ಹಣ್ಣು ಮಾಗುವುದೇ ಇಲ್ಲ.

ಫ್ರಾನ್ಸಿನ ಬೋರ್ಡೊ ಪ್ರದೇಶದ ಮಾದರಿಯ ಬ್ಲೆಂಡ್‌ನಲ್ಲಿ ಕ್ಯಾಬರ್ನೆ ಸೊವಿನ್ಯೋಂ ಅನ್ನುವ ತಳಿ ಬೆನ್ನೆಲುಬು. ಒಗರು, ಬ್ಲ್ಯಾಕ್‌ಕರಂಟ್ ಹಣ್ಣಿನಂಥ ಘಮ, ಬಾಳಿಕೆ ಎಲ್ಲ ಅದರದ್ದು. ನಾಲಿಗೆಯ ಮಧ್ಯದಲ್ಲಿ ಅದು ಸ್ವಲ್ಪ ಟೊಳ್ಳು ಅನ್ನಿಸುತ್ತದೆ, ಆ ಜಾಗವನ್ನು ಮೆರ್ಲೋ ತುಂಬುತ್ತದೆ. ಕ್ಯಾಬರ್ನೆ ಫ್ರಾಂ ಹೂವು, ಸೊಪ್ಪಿನಂಥ ಪರಿಮಳ ತರುತ್ತದೆ. ಮಾಲ್ಬೆಕ್‌ನಿಂದ ಬಣ್ಣ ಮತ್ತು ರಸವತ್ತಾದ ಹಣ್ಣು. ಪೆಟಿ ವೆರ್ಡೊ ಮಸಾಲೆ ಇದ್ದ ಹಾಗೆ, ನೂರಕ್ಕೆ ಮೂರು–ನಾಲ್ಕು ಪಾಲು ಹಾಕಿದರೂ ಬಣ್ಣ, ಒಗರು ಎರಡೂ ಎದ್ದು ಕಾಣುತ್ತವೆ.

ಬೇರೆ ಬೆಟ್ಟಗಳಲ್ಲಿ ಬೇರೆ ಜೋಡಿ. ಸ್ಪೇನಿನ ಪ್ರಿಯೊರಾತ್‌ನಲ್ಲಿ ಗಾರ್ನಾಚಾ ಮತ್ತು ಕಾರಿನ್ಯೇನಾ. ಒಂದು ಹಣ್ಣು ಮತ್ತು ಬಿಸುಪು ಕೊಟ್ಟರೆ ಇನ್ನೊಂದು ಹುಳಿ ಮತ್ತು ಒಗರು ಕೊಡುತ್ತದೆ. ಅಲ್ಲಿ ನೆಲವೆಲ್ಲ ಲಿಕೊರೆಯಾ ಅನ್ನುವ ಸ್ಲೇಟ್ ಕಲ್ಲಿನ ಚೂರು. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ನೆರೆಲ್ಲೊ ಮಸ್ಕಲೇಸೆ ಕನಿಷ್ಠ 80 ಪಾಲು ಇರಬೇಕು ಅಂತ ಎಟ್ನಾ ರೊಸ್ಸೊ ನಿಯಮ, ಅದಕ್ಕೆ ಜೊತೆ ನೆರೆಲ್ಲೊ ಕಪ್ಪುಚ್ಚೊ. ಪೋರ್ಚುಗಲ್‌ನ ದೋರು ನದಿಯ ಎರಡೂ ಬದಿಯ ಮೆಟ್ಟಿಲು ತೋಟಗಳಲ್ಲಿ ತೌರಿಗಾ ನಾಸಿಯೊನಾಲ್, ತೌರಿಗಾ ಫ್ರಾಂಕಾ, ಟಿಂಟಾ ರೊರೀಸ್. ಅಲ್ಲಿಯ ಹಳೆಯ ತೋಟಗಳಲ್ಲಿ ಹತ್ತಾರು ತಳಿಗಳನ್ನು ಬೆರೆಸಿಯೇ ನೆಟ್ಟಿರುತ್ತಾರೆ. ಅಂದರೆ ಬ್ಲೆಂಡ್ ಆಗುವುದು ತೋಟದಲ್ಲೇ. ಅರ್ಜೆಂಟೀನಾದ ಮೆಂಡೋಸಾದಲ್ಲಿ, ಆಂಡಿಸ್ ಪರ್ವತದ ಬುಡದಲ್ಲಿರುವ ಉಕೊ ಕಣಿವೆಯಲ್ಲಿ, 1,000 ಮೀಟರಿಗಿಂತ ಮೇಲೆ ಮಾಲ್ಬೆಕ್ ಮತ್ತು ಕ್ಯಾಬರ್ನೆ ಫ್ರಾಂ ಚೆನ್ನಾಗಿ ಕೂಡಿಬರುತ್ತವೆ.

ಮೊದಲ ಬಾರಿ ಕೊಳ್ಳುವವರಿಗೆ ನನ್ನ ಸಲಹೆ: ತೀರಾ ಗಾಢವಾದ, ಭಾರವಾದ ವೈನ್ ಇಷ್ಟವಿಲ್ಲದಿದ್ದರೆ ಎಟ್ನಾದಿಂದ ಶುರು ಮಾಡಿ, ಬಣ್ಣ ತಿಳಿ, ಮೈ ಹಗುರ. ಭರ್ಜರಿ ವೈನ್ ಬೇಕು ಅಂದರೆ ನಾಪಾ ಬೆಟ್ಟ ಅಥವಾ ಪ್ರಿಯೊರಾತ್. ಮಧ್ಯದ ದಾರಿ ಉಕೊ.

ಹೆಜ್ಜೆ 3: ಲೇಬಲ್‌ನಲ್ಲಿ ಏನು ನಂಬಬೇಕು

ಲೇಬಲ್ ಮೇಲೆ ಬೆಟ್ಟದ ಚಿತ್ರ ಇದ್ದ ಮಾತ್ರಕ್ಕೆ ದ್ರಾಕ್ಷಿ ಬೆಟ್ಟದ್ದು ಅಂತ ಅರ್ಥವಲ್ಲ. ಬ್ರ್ಯಾಂಡ್ ಹೆಸರಿನಲ್ಲಿ ಮೌಂಟನ್ ಅಂತ ಇದ್ದರೂ ಅಷ್ಟೇ. ನೋಡಬೇಕಾದದ್ದು ಪ್ರದೇಶದ ಹೆಸರು. ಅಮೆರಿಕದ ವೈನಿನಲ್ಲಿ ಹಾವೆಲ್ ಮೌಂಟನ್, ಮೌಂಟ್ ವೀಡರ್, ಸ್ಪ್ರಿಂಗ್ ಮೌಂಟನ್ ಡಿಸ್ಟ್ರಿಕ್ಟ್, ಡೈಮಂಡ್ ಮೌಂಟನ್ ಡಿಸ್ಟ್ರಿಕ್ಟ್, ಅಟ್ಲಾಸ್ ಪೀಕ್ ಇವೆಲ್ಲ ನಾಪಾದ ಅಧಿಕೃತ ಬೆಟ್ಟ ಪ್ರದೇಶಗಳು. ಇಂಥ ಹೆಸರು ಹಾಕಬೇಕಾದರೆ ನೂರಕ್ಕೆ 85 ಪಾಲು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಸುಮ್ನೆ ಕ್ಯಾಲಿಫೋರ್ನಿಯಾ ಅಂತ ಮಾತ್ರ ಬರೆದಿದ್ದರೆ ದ್ರಾಕ್ಷಿ ರಾಜ್ಯದ ಯಾವ ಮೂಲೆಯದಾದರೂ ಇರಬಹುದು.

ಅಲ್ಲೇ ಇನ್ನೊಂದು ನಿಯಮ: ತಳಿಯ ಹೆಸರು ಹಾಕಲು ಆ ತಳಿ ಕನಿಷ್ಠ 75 ಪಾಲು ಇರಬೇಕು. ಆದ್ದರಿಂದ ಕ್ಯಾಬರ್ನೆ ಅಂತ ಬರೆದ ಬಾಟಲಿಯಲ್ಲಿ ಕಾಲುಭಾಗ ಬೇರೆ ದ್ರಾಕ್ಷಿ ಇರಬಹುದು, ಕ್ಯಾಬರ್ನೆ 70 ಪಾಲು ಇರುವ ವೈನ್ ರೆಡ್ ಬ್ಲೆಂಡ್ ಅನ್ನಿಸಿಕೊಳ್ಳಬಹುದು. ಎರಡರ ಮಧ್ಯೆ ಅಂತರ ಅಷ್ಟು ಸಣ್ಣದು. ಮೆರಿಟೇಜ್ ಅಂತ ಕಂಡರೆ ಅದು ಬೋರ್ಡೊ ತಳಿಗಳ ಬ್ಲೆಂಡ್, ಯಾವ ಒಂದು ತಳಿಯೂ 90 ಪಾಲು ಮೀರಿರುವುದಿಲ್ಲ. ರಿಸರ್ವ್ ಅನ್ನುವ ಪದಕ್ಕೆ ಅಮೆರಿಕದಲ್ಲಿ ಕಾನೂನಿನ ಅರ್ಥ ಇಲ್ಲ, ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಸ್ಪೇನಿನ ರಿಸೆರ್ವಾಗೆ ಮಾತ್ರ ನಿಗದಿತ ವರ್ಷಗಳ ಲೆಕ್ಕ ಇದೆ.

ಆಲ್ಕೊಹಾಲ್ ಪ್ರಮಾಣವನ್ನೂ ನೋಡಿ. ನೂರಕ್ಕೆ 14 ಪಾಲು ದಾಟಿದ ವೈನಿಗೆ ಅಮೆರಿಕದ ನಿಯಮ ಒಂದು ಪಾಲು ಆಚೀಚೆ ಹೋಗಲು ಬಿಡುತ್ತದೆ. ಲೇಬಲ್ 14.5 ಅಂದರೆ ಒಳಗೆ 15.5 ಇರಲೂಬಹುದು. ಗಂಟಲು ಉರಿಯುವುದು ಇಷ್ಟವಿಲ್ಲದವರು 14ರ ಒಳಗಿನದನ್ನು ಹುಡುಕಿ.

ಲೇಬಲ್ ಮೇಲಿನ ವರ್ಷಕ್ಕೂ, ಅಂದರೆ ದ್ರಾಕ್ಷಿ ಕೊಯ್ದ ವರ್ಷಕ್ಕೂ, ಮಹತ್ವ ಇದೆ, ಬೆಟ್ಟದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ತೋಟದ ಸುತ್ತ ಕಾಡು ಇರುತ್ತದೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಗ್ಲಾಸ್ ಫೈರ್ ಅನ್ನುವ ಕಾಡ್ಗಿಚ್ಚು ನಾಪಾದ ಬೆಟ್ಟಗಳನ್ನು ಸುಟ್ಟಿತು. ಹೊಗೆ ಹಿಡಿದ ದ್ರಾಕ್ಷಿಯಿಂದ ವೈನಿಗೆ ಬೂದಿಯಂಥ ರುಚಿ ಬರುತ್ತದೆ, ಹಾಗಾಗಿ ಆ ವರ್ಷ ಅಲ್ಲಿ ಅನೇಕರು ಕೆಂಪು ವೈನನ್ನೇ ಮಾಡಲಿಲ್ಲ. ಆ ವರ್ಷದ ಬಾಟಲಿ ಸಿಕ್ಕರೆ ಮಾಡಿದವರು ಏನು ಹೇಳಿದ್ದಾರೆ ಅಂತ ನೋಡಿಯೇ ಕೊಳ್ಳಿ.

ಹೆಜ್ಜೆ 4: ಹಿಂದಿನ ದಿನದ ತಯಾರಿ

ಬಾಟಲಿ ಮಲಗಿಸಿ ಇಟ್ಟಿದ್ದರೆ ಒಂದು ದಿನ ಮೊದಲೇ ನಿಲ್ಲಿಸಿ. ಗಸಿ ತಳಕ್ಕೆ ಇಳಿಯಲಿ. ಬೆಟ್ಟದ ವೈನನ್ನು ಎಷ್ಟೋ ಸಲ ಸೋಸದೆ ತುಂಬಿರುತ್ತಾರೆ, ಎಳೆಯ ಬಾಟಲಿಯಲ್ಲೂ ಗಸಿ ಇರಬಹುದು. ಅದು ಕೆಟ್ಟದ್ದೇನಲ್ಲ, ಬಾಯಿಗೆ ಸಿಕ್ಕರೆ ಕಹಿ, ಅಷ್ಟೇ.

ಇನ್ನು ತಂಪು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುವ ಮಾತು ಚಳಿದೇಶದ ಹಳೆಯ ಕಲ್ಲುಮನೆಗಳ ಕಾಲದ್ದು. ಈ ವೈನಿಗೆ 16ರಿಂದ 18 ಡಿಗ್ರಿ ಸರಿ. 25 ಡಿಗ್ರಿಯಲ್ಲಿ ಆಲ್ಕೊಹಾಲಿನ ಘಾಟು ಮೇಲೆದ್ದು ಹಣ್ಣಿನ ಘಮವನ್ನು ಮುಚ್ಚಿಬಿಡುತ್ತದೆ. 12ಕ್ಕೆ ಇಳಿಸಿದರೆ ಒಗರು ಇನ್ನೂ ಗಡುಸಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿದ್ದ ಬಾಟಲಿಗೆ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಬೇಕು, ಅವಸರವಿದ್ದರೆ ಐಸ್ ಹಾಕಿದ ನೀರಿನಲ್ಲಿ ಎಂಟು–ಹತ್ತು ನಿಮಿಷ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಗ್ಲಾಸಿಗೆ ಸುರಿದು ಒಮ್ಮೆ ನೋಡಿಬಿಡಿ, ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಸಂದೇಹವಿದ್ದರೆ ಸ್ವಲ್ಪ ಹೆಚ್ಚು ತಂಪಾಗಿಯೇ ಸುರಿಯಿರಿ, ಗ್ಲಾಸಿನಲ್ಲಿ ಅದು ತಾನಾಗಿ ಬೆಚ್ಚಗಾಗುತ್ತದೆ.

ಹೆಜ್ಜೆ 5: ತೆರೆಯುವುದು, ಗಾಳಿಗೆ ಬಿಡುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯ.

ಕಾರ್ಕ್ ತೆಗೆದು ಬಾಟಲಿಯನ್ನು ಹಾಗೇ ಇಟ್ಟರೆ ವೈನ್ ಉಸಿರಾಡುತ್ತದೆ ಅಂತಾರೆ. ಅದರಿಂದ ಏನೂ ಆಗುವುದಿಲ್ಲ. ಬಾಟಲಿಯ ಕುತ್ತಿಗೆ ಅಗಲ ಎಷ್ಟಿದೆ ನೋಡಿ, ಅಷ್ಟು ಜಾಗದಲ್ಲಿ ಗಾಳಿ ತಗಲುವುದು ನೆಪಮಾತ್ರ. ವೈನನ್ನು ಅಗಲ ತಳದ ಪಾತ್ರೆಗೆ ಸುರಿಯಲೇಬೇಕು. ಅದಕ್ಕೆಂದೇ ಇರುವ ಡಿಕ್ಯಾಂಟರ್ ಅನ್ನುವ ಪಾತ್ರೆ ಇಲ್ಲದಿದ್ದರೆ ಗಾಜಿನ ಜಗ್ ಸಾಕು, ಸಾಬೂನಿನ ವಾಸನೆ ಇರಬಾರದು, ಅಷ್ಟೇ.

ಸುರಿಯುವ ಮೊದಲು ಒಂದು ಸಣ್ಣ ಗುಟುಕು ಗ್ಲಾಸಿಗೆ ಹಾಕಿ ಮೂಸಿ. ಒದ್ದೆ ರಟ್ಟು, ಹಳೆಯ ನೆಲಮಾಳಿಗೆಯ ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ದೋಷ. ಗಾಳಿಗೆ ಬಿಟ್ಟಷ್ಟೂ ಅದು ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ, ಬಾಟಲಿ ವಾಪಸ್ ಕೊಡಿ. ಗೀರಿದ ಬೆಂಕಿಕಡ್ಡಿ, ಮೊಟ್ಟೆಯಂಥ ವಾಸನೆ ಬಂದರೆ ಗಾಬರಿ ಬೇಡ. ಅದು ಗಾಳಿಯಿಲ್ಲದೆ ಮುಚ್ಚಿಕೊಂಡಿದ್ದರಿಂದ ಬಂದಿದ್ದು, ಬಹುಪಾಲು ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ.

ಐದಾರು ವರ್ಷದ ಒಳಗಿನ ಎಳೆಯ ವೈನಾದರೆ ಸಂಕೋಚ ಬೇಡ. ಬಾಟಲಿಯನ್ನು ಎತ್ತಿ ಹಿಡಿದು, ಧಾರೆ ಪಾತ್ರೆಯ ಗೋಡೆಗೆ ಬಡಿದು ನೊರೆ ಏಳುವಂತೆ ಸುರಿಯಿರಿ. ಎರಡು ಗಂಟೆ ಬಿಡಿ. ನಾಪಾ ಬೆಟ್ಟದ ತುಂಬಾ ಬಿಗಿಯಾದ ಬ್ಲೆಂಡ್‌ಗೆ ಮೂರು ಗಂಟೆಯೂ ಜಾಸ್ತಿಯಾಗುವುದಿಲ್ಲ.

ಹದಿನೈದು ವರ್ಷ ದಾಟಿದ್ದಾದರೆ ಕೈ ಹಗುರ ಇರಲಿ. ಕುತ್ತಿಗೆಯ ಕೆಳಗೆ ಮೊಬೈಲಿನ ಬೆಳಕು ಹಿಡಿದು, ಒಂದೇ ಓಟದಲ್ಲಿ, ಮಧ್ಯೆ ಬಾಟಲಿ ನೆಟ್ಟಗೆ ಮಾಡದೆ, ನಿಧಾನವಾಗಿ ಸುರಿಯುತ್ತಾ ಹೋಗಿ. ಮೊದಲು ತಿಳಿಯಾಗಿ ಹರಿಯುತ್ತಿದ್ದ ವೈನಿನಲ್ಲಿ ಕೊನೆಗೆ ಹೊಗೆಯ ಎಳೆಯಂತೆ ಒಂದು ಕಪ್ಪು ಗೆರೆ ಭುಜದಿಂದ ಕುತ್ತಿಗೆಯ ಕಡೆ ಜಾರುತ್ತಾ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಎರಡು–ಮೂರು ಚಮಚ ಉಳಿದರೆ ಉಳಿಯಲಿ. ಹಳೆಯ ವೈನಿಗೆ ಇಪ್ಪತ್ತು ನಿಮಿಷ ಸಾಕು, ಜಾಸ್ತಿ ಹೊತ್ತು ಬಿಟ್ಟರೆ ಉಳಿದಿದ್ದ ಘಮವೂ ಹಾರಿಹೋಗುತ್ತದೆ.

ಹೆಜ್ಜೆ 6: ಸವಿಯುವುದು

ದೊಡ್ಡ ಹೊಟ್ಟೆಯ ಗ್ಲಾಸು ತೆಗೆದುಕೊಳ್ಳಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬಿಳಿ ಕಾಗದದ ಮೇಲೆ ಗ್ಲಾಸು ಓರೆ ಮಾಡಿ ಅಂಚು ನೋಡಿ. ನೇರಳೆ ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ.

ಬಾಯಲ್ಲಿ ಮೂರನ್ನು ಬೇರೆ ಬೇರೆ ಗುರುತಿಸುವುದನ್ನು ಕಲಿಯಿರಿ. ಒಗರು ವಸಡು ಮತ್ತು ತುಟಿಯ ಒಳಬದಿಯನ್ನು ಒಣಗಿಸುತ್ತದೆ, ಯಾಕೆಂದರೆ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನ ಕಳೆಯುತ್ತದೆ. ಹುಳಿ ಅದಕ್ಕೆ ತದ್ವಿರುದ್ಧ, ದವಡೆಯ ಬದಿಯಲ್ಲಿ ನೀರೂರಿಸುತ್ತದೆ. ಆಲ್ಕೊಹಾಲು ಗಂಟಲಿನಲ್ಲಿ ಬಿಸಿ. ಒಳ್ಳೆಯ ಬೆಟ್ಟದ ಬ್ಲೆಂಡ್‌ನಲ್ಲಿ ಬಾಯಿ ಒಣಗಿದ ಮರುಕ್ಷಣವೇ ನೀರೂರುತ್ತದೆ. ಆ ಎರಡೂ ಒಟ್ಟಿಗೆ ಇರುವುದೇ ಬೆಟ್ಟದ ಗುರುತು ಅಂತ ನನ್ನ ಅನುಭವ. ಬರೀ ಒಣಗಿಸಿ ಬಿಟ್ಟರೆ ದ್ರಾಕ್ಷಿ ಸರಿಯಾಗಿ ಮಾಗಿಲ್ಲ, ಇಲ್ಲವೇ ಪೀಪಾಯಿಯ ಮರ ಜಾಸ್ತಿಯಾಗಿದೆ.

ಎಲ್ಲಕ್ಕಿಂತ ಉಪಯುಕ್ತ ಅಭ್ಯಾಸ ಇದು: ತೆರೆದಾಗ ಒಂದು ಗುಟುಕು, ಅರ್ಧ ಗಂಟೆಗೆ ಒಂದು, ಒಂದು ಗಂಟೆಗೆ, ಎರಡು ಗಂಟೆಗೆ. ಪ್ರತಿ ಸಲ ಮೂರೇ ಪದ ಬರೆದಿಡಿ. ಕೊನೆಗೆ ಸಾಲಾಗಿ ಓದಿದರೆ ನಿಮ್ಮ ಬಾಟಲಿಗೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಅದೇ ವೈನಿನ ಇನ್ನೊಂದು ಬಾಟಲಿ ಇದ್ದರೆ ಆ ಚೀಟಿಯಷ್ಟು ಒಳ್ಳೆಯ ಸಲಹೆ ಯಾರೂ ಕೊಡಲಾರರು.

ಹೆಜ್ಜೆ 7: ಊಟ

ಒಗರಿಗೆ ಪ್ರೋಟೀನು, ಕೊಬ್ಬು, ಉಪ್ಪು ಬೇಕು. ಸುಟ್ಟ ಮಾಂಸ, ಗಟ್ಟಿ ಚೀಸ್, ಬೆಣ್ಣೆಯಲ್ಲಿ ಹುರಿದ ಅಣಬೆ ಇವುಗಳ ಜೊತೆ ಟ್ಯಾನಿನ್ ಮೆತ್ತಗಾಗುತ್ತದೆ. ಖಾರ ಜಾಸ್ತಿ ಇದ್ದರೆ ಆಲ್ಕೊಹಾಲಿನ ಉರಿ ಇಮ್ಮಡಿ ಅನ್ನಿಸುತ್ತದೆ. ಸಿಹಿ ತಿಂದು ಕುಡಿದರೆ ವೈನ್ ಬರೀ ಹುಳಿ, ಕಹಿ. ಎಣ್ಣೆ ಮೀನಿನ ಜೊತೆ ಲೋಹದ ರುಚಿ ಬರುತ್ತದೆ, ಬೇಡ.

ಹೆಜ್ಜೆ 8: ಮನೆಯಲ್ಲೇ ಬ್ಲೆಂಡ್ ಮಾಡಿ ನೋಡಿ

ಬ್ಲೆಂಡ್ ಅಂದರೇನು ಅಂತ ಎಷ್ಟು ಓದಿದರೂ ಒಂದು ಸಂಜೆ ಮಾಡಿ ನೋಡಿದಷ್ಟು ತಿಳಿಯುವುದಿಲ್ಲ. ಮೂರ್ನಾಲ್ಕು ಜನ ಸೇರಿ ಖರ್ಚು ಹಂಚಿಕೊಳ್ಳಿ. ಒಂದು ಬೆಟ್ಟದ ಕ್ಯಾಬರ್ನೆ, ಒಂದು ಮೆರ್ಲೋ, ಒಂದು ಕ್ಯಾಬರ್ನೆ ಫ್ರಾಂ ಬೇಕು, ಸಿಕ್ಕರೆ ಪೆಟಿ ವೆರ್ಡೊ. 100 ಮಿಲಿಲೀಟರಿನ ಅಳತೆ ಜಾಡಿ ಇದ್ದರೆ ಲೆಕ್ಕ ಸುಲಭ, ಒಂದು ಮಿಲಿಲೀಟರ್ ಅಂದರೆ ನೂರಕ್ಕೆ ಒಂದು ಪಾಲು.

ಮೊದಲು ಒಂದೊಂದನ್ನೂ ಬಿಡಿಯಾಗಿ ಸವಿದು, ಪ್ರತಿಯೊಂದರ ಕೊರತೆ ಏನು ಅಂತ ಬರೆಯಿರಿ. ಚೆನ್ನಾಗಿದೆ ಅಂತ ಬರೆದರೆ ಉಪಯೋಗವಿಲ್ಲ. ಕ್ಯಾಬರ್ನೆ ಮಧ್ಯದಲ್ಲಿ ಖಾಲಿಯಾ? ಮೆರ್ಲೋ ಕೊನೆಯಲ್ಲಿ ಬೇಗ ಮಾಯವಾಗುತ್ತದಾ? ಆಮೇಲೆ 70 ಕ್ಯಾಬರ್ನೆ, 20 ಮೆರ್ಲೋ, 10 ಫ್ರಾಂ ಅಂತ ಒಂದು ಬ್ಲೆಂಡ್ ಮಾಡಿ. ಇದು ಅಳತೆಗೋಲು, ಒಂದು ಗ್ಲಾಸಿನಲ್ಲಿ ಪಕ್ಕಕ್ಕೆ ಇರಲಿ. ಎರಡನೆಯದರಲ್ಲಿ ಮೆರ್ಲೋ 30ಕ್ಕೆ ಏರಿಸಿ, ಅದಕ್ಕೆ ತಕ್ಕಂತೆ ಕ್ಯಾಬರ್ನೆ 60ಕ್ಕೆ ಇಳಿಸಿ, ಫ್ರಾಂ ಮುಟ್ಟಬೇಡಿ. ಮೂರನೆಯದರಲ್ಲಿ ಮೆರ್ಲೋ 20ರಲ್ಲೇ ಬಿಟ್ಟು ಫ್ರಾಂ ಏರಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಗ್ಲಾಸಿನ ತಳಕ್ಕೆ ಅಂಕಿ ಬರೆದ ಚೀಟಿ ಅಂಟಿಸಿ, ಬೇರೊಬ್ಬರು ಅದಲು ಬದಲು ಮಾಡಲಿ. ಯಾವುದು ಯಾವುದು ಅಂತ ಗೊತ್ತಿದ್ದರೆ ನಾಲಿಗೆ ಪಕ್ಷಪಾತ ಮಾಡುತ್ತದೆ. ಬೆರೆಸಿದ ಮೇಲೆ ಹತ್ತು ನಿಮಿಷ ಬಿಟ್ಟು ಸವಿಯಿರಿ. ಗುಟುಕುಗಳನ್ನು ಉಗುಳಲು ಒಂದು ಪಾತ್ರೆ ಇಟ್ಟುಕೊಳ್ಳಿ, ನುಂಗುತ್ತಾ ಹೋದರೆ ನಾಲ್ಕನೆಯ ಗ್ಲಾಸಿಗೆಲ್ಲ ಎಲ್ಲ ಬ್ಲೆಂಡೂ ಚೆನ್ನಾಗಿಯೇ ಕಾಣುತ್ತದೆ. ಯಾರೂ ಗಾಡಿ ಓಡಿಸಿಕೊಂಡು ಹೋಗುವ ಹಾಗಿರಬಾರದು.

ಗೆದ್ದ ಬ್ಲೆಂಡ್‌ಗೆ ಕೊನೆಯಲ್ಲಿ ಪೆಟಿ ವೆರ್ಡೊ ಎರಡು ಮಿಲಿಲೀಟರ್, ಆಮೇಲೆ ಇನ್ನೆರಡು ಸೇರಿಸಿ ನೋಡಿ. ಅಷ್ಟರಲ್ಲೇ ಬಣ್ಣ ಕಪ್ಪಾಗಿ, ಒಗರು ಏರಿರುವುದು ಗೊತ್ತಾಗುತ್ತದೆ. ಇಷ್ಟವಾದ ಬ್ಲೆಂಡನ್ನು ಸಣ್ಣ ಬಾಟಲಿಗೆ ಕಂಠಪೂರ್ತಿ ತುಂಬಿ ಮುಚ್ಚಿಟ್ಟು ಮರುದಿನ ಮತ್ತೆ ಸವಿಯಿರಿ. ಹಿಂದಿನ ರಾತ್ರಿ ಬಿಡಿಬಿಡಿಯಾಗಿ ಕಂಡ ರುಚಿಗಳು ಅಷ್ಟರಲ್ಲಿ ಒಂದಾಗಿರುತ್ತವೆ. ವೈನ್ ಮಾಡುವವರು ಬ್ಲೆಂಡ್ ಮಾಡಿ ತಕ್ಷಣ ಬಾಟಲಿಗೆ ತುಂಬದೆ ತಿಂಗಳುಗಟ್ಟಲೆ ಕಾಯುವುದು ಇದಕ್ಕೇ.

ಹೆಜ್ಜೆ 9: ಇಡುವುದು, ಉಳಿಸುವುದು

ಒಂದೇ ವೈನಿನ ಮೂರು ಬಾಟಲಿ ಕೊಳ್ಳಲು ಆದರೆ ಕೊಳ್ಳಿ. ಒಂದನ್ನು ಈಗ, ಇನ್ನೊಂದನ್ನು ಮೂರು ವರ್ಷಕ್ಕೆ, ಕೊನೆಯದನ್ನು ಎಂಟು–ಹತ್ತು ವರ್ಷಕ್ಕೆ ತೆರೆಯಿರಿ. ಕಾಲ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಂಡು ಗಸಿಯಾಗಿ ಇಳಿಯುತ್ತವೆ, ವೈನ್ ನಯವಾಗುತ್ತದೆ. 12ರಿಂದ 14 ಡಿಗ್ರಿ, ಕತ್ತಲು, ಅಲುಗಾಟ ಇಲ್ಲದ ಜಾಗ ಬೇಕು. ಕಾರ್ಕ್ ಇದ್ದರೆ ಮಲಗಿಸಿ, ತಿರುಪು ಮುಚ್ಚಳವಾದರೆ ನಿಲ್ಲಿಸಿದರೂ ನಡೆಯುತ್ತದೆ. ಅಂಥ ಜಾಗ ಇಲ್ಲದಿದ್ದರೆ ವರ್ಷಗಟ್ಟಲೆ ಇಡುವ ಆಸೆ ಬಿಡಿ. 30 ಡಿಗ್ರಿಯ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದರೆ ಹಣ್ಣೆಲ್ಲ ಬೇಯಿಸಿದ ಹಾಗೆ ಆಗುತ್ತದೆ.

ತೆರೆದ ಬಾಟಲಿಯಲ್ಲಿ ಉಳಿದಿದ್ದನ್ನು 375 ಮಿಲಿಲೀಟರಿನ ಅರ್ಧ ಬಾಟಲಿಗೆ ಅಂಚಿನವರೆಗೆ ತುಂಬಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಎಳೆಯ ಬೆಟ್ಟದ ಬ್ಲೆಂಡ್ ಎರಡನೆಯ ದಿನವೇ ಚೆನ್ನಾಗಿರುವುದು ಅಪರೂಪವೇನಲ್ಲ, ಮೂರನೆಯ ದಿನವೂ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಉಳಿದರೆ ಅಡುಗೆಗೆ ಹಾಕಿ.